ನೆಲಕ್ಕೆ ಹುಲ್ಲಿನ ಲೇಪ

ಚನ್ನಗಿರಿ ತಾಲ್ಲೂಕಿನ ಮಕ್ಕಳಿಗೆ ಸೂಳೆಕೆರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ, ಹರಿದ್ರಾ ಹಳ್ಳದ ನೀರನ್ನು ತಡೆದು ಮಾಡಿದ ಕೆರೆ ಅದು. ಶಾಂತಿಸಾಗರ ಎಂಬ ಹೆಸರೂ ಉಂಟು. ಶತಮಾನಗಳಿಂದ ನಿಂತಿರುವ ಈ ಕೆರೆಗೂ ಒಂದು ಶತ್ರುವಿದೆ. ಅದೇ ಹೂಳು. ಮಳೆಗಾಲದಲ್ಲಿ ಹಳ್ಳಗಳು ಕೆಂಪಗೆ ಹರಿಯುತ್ತವೆ. ಆ ಬಣ್ಣ ನೀರಿನದಲ್ಲ, ಎಲ್ಲೋ ಬೆತ್ತಲೆಯಾಗಿ ಬಿದ್ದಿದ್ದ ನೆಲದ ಮೇಲ್ಮಣ್ಣಿನದು.

ಮಣ್ಣು ಕೊಚ್ಚಿಹೋಗುವುದು ನೀರು ಹರಿಯತೊಡಗಿದ ಮೇಲೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದರ ಆರಂಭ ಮಳೆಹನಿಯ ಪೆಟ್ಟಿನಿಂದ. ದೊಡ್ಡ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಹೆಂಟೆ ಒಡೆದು ಕಣಗಳು ಸಿಡಿಯುತ್ತವೆ. ನುಣ್ಣನೆಯ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಇಂಗಬೇಕಾದ ನೀರು ಆಗ ಮೇಲೆಯೇ ಹರಿದು ಕಣಗಳನ್ನು ಹೊತ್ತೊಯ್ಯುತ್ತದೆ. ಹುಲ್ಲಿರುವಲ್ಲಿ ಈ ಪೆಟ್ಟು ಎಲೆಯ ಮೇಲೆ ಬೀಳುತ್ತದೆ, ಬೇರು ಮಣ್ಣನ್ನು ಹಿಡಿದಿರುತ್ತದೆ. ಹುಲ್ಲುಹಾಸು ಬರೀ ಅಂದಕ್ಕಲ್ಲ, ಅದು ನೆಲದ ಹೊದಿಕೆ.

ತೊಂದರೆ ಇರುವುದು ಹೊಸ ನೆಲದಲ್ಲಿ. ಶಾಲೆಯ ಮೈದಾನಕ್ಕೆ ಹೊಸ ಮಣ್ಣು ಹರಡಿದೆ ಅಥವಾ ರಸ್ತೆಗಾಗಿ ದಿಬ್ಬ ಕಡಿದಿದೆ ಎನ್ನೋಣ. ಅಲ್ಲಿ ಗರಿಕೆಯ ಬೀಜ ಎರಚಿದರೆ ಮೊಳೆಯಲು ಒಂದರಿಂದ ಮೂರು ವಾರ ಬೇಕು. ಆ ಬೀಜವೋ ಅತಿ ಸಣ್ಣದು, ಒಂದು ಕಿಲೋಗೆ ಸುಮಾರು 40 ಲಕ್ಷ! ಗಾಳಿ, ಇರುವೆ, ಹಕ್ಕಿ, ಮಳೆ ಎಲ್ಲದರಿಂದಲೂ ಅದು ತಪ್ಪಿಸಿಕೊಳ್ಳಬೇಕು. ನೆನೆದು ಉಬ್ಬಿದ ಬೀಜ ಮೊಳಕೆಯ ಹೊತ್ತಿಗೆ ಒಣಗಿದರೆ ಸತ್ತೇಹೋಗುತ್ತದೆ.

ಅಮೆರಿಕದಲ್ಲಿ 1950ರ ದಶಕದಲ್ಲಿ ಹೆದ್ದಾರಿ ಬದಿಯ ಇಳಿಜಾರುಗಳಿಗೆ ಇದೇ ಸಮಸ್ಯೆ ಬಂದಾಗ ಬಳಕೆಗೆ ಬಂದ ಉಪಾಯ ಹೈಡ್ರೋಸೀಡಿಂಗ್. ದೊಡ್ಡ ಟ್ಯಾಂಕಿನಲ್ಲಿ ನೀರು, ಬೀಜ, ಗೊಬ್ಬರ, ಮರದ ಅಥವಾ ಕಾಗದದ ನಾರು, ಸ್ವಲ್ಪ ಅಂಟು ಎಲ್ಲವನ್ನೂ ಕಲಸಿ, ಪಂಪಿನಿಂದ ನೆಲದ ಮೇಲೆ ಚಿಮ್ಮಿಸುತ್ತಾರೆ. ಎಲ್ಲಿ ಬಿದ್ದಿದೆ, ಎಲ್ಲಿ ಬಿಟ್ಟುಹೋಗಿದೆ ಎಂದು ಕಾಣಲು ಹಸಿರು ಬಣ್ಣವನ್ನೂ ಬೆರೆಸುವುದುಂಟು. ಇಳಿಜಾರಿನಲ್ಲಿ ಎಕರೆಗೆ 700ರಿಂದ 900 ಕಿಲೋ ನಾರು ಬೇಕಾಗುತ್ತದೆ. ನಾರು ತೇವ ಹಿಡಿದಿಡುತ್ತದೆ, ಅಂಟು ಅದನ್ನು ನೆಲಕ್ಕೆ ಕಚ್ಚಿಸುತ್ತದೆ.

ಆ ಅಂಟು ಎಲ್ಲಿಂದ ಬರುತ್ತದೆ ಗೊತ್ತೇ? ಹೆಚ್ಚಾಗಿ ಬಳಸುವ ಒಂದು ಅಂಟು ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದ್ದು! ಈ ಗೋರಿ ಬೀಜವನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದೇಶ ನಮ್ಮದು; ಅದರಲ್ಲೂ ರಾಜಸ್ಥಾನ ಮುಂದು. ಇಸಬ್‌ಗೋಲ್ ಪುಡಿಯನ್ನೂ ಹೀಗೆ ಬಳಸುತ್ತಾರೆ.

ಆದರೆ ಈ ಯಂತ್ರ ಮಾಂತ್ರಿಕನಲ್ಲ. ಸಿಂಪಡಿಸಿದ ನಂತರ ಲೇಪ ಒಣಗಿ ಗಟ್ಟಿಯಾಗಲು ಸುಮಾರು ಒಂದು ದಿನ ಬೇಕು. ಅಷ್ಟರೊಳಗೆ ಜಡಿಮಳೆ ಬಂದರೆ ಬೀಜ ಸಮೇತ ಎಲ್ಲವೂ ಹಳ್ಳಕ್ಕೆ. ಟ್ಯಾಂಕಿನ ನೀರು ಒಂದು ದಿನದ್ದು ಮಾತ್ರ. ಮೊಳಕೆ ಬೇರೂರುವವರೆಗೆ ದಿನಕ್ಕೆ ಎರಡು ಮೂರು ಸಲ ಹಗುರವಾಗಿ ನೀರುಣಿಸಬೇಕು. ಇನ್ನು ಗರಿಕೆಗೆ ತುಂಬು ಬಿಸಿಲು ಬೇಕು. ಅಡಿಕೆ ತೋಟದ ನೆರಳಿನಲ್ಲಿ ಅದು ಚೆನ್ನಾಗಿ ಬಾರದು. ಕಾಲಿಡಲಾಗದ ಕಡಿದಾದ ದಿಬ್ಬಕ್ಕೆ ಈ ಯಂತ್ರ ಒಳ್ಳೆಯದು. ಸಮತಟ್ಟಾದ ಸಣ್ಣ ಮೈದಾನಕ್ಕೆ ಅಷ್ಟು ಖರ್ಚು ಬೇಕಿಲ್ಲ.

ಏಕೆಂದರೆ ಇದೇ ತತ್ತ್ವವನ್ನು ನಮ್ಮ ತೋಟಗಾರರು ಬುಟ್ಟಿ, ಸಲಿಕೆಗಳಲ್ಲೇ ಸಾಧಿಸುತ್ತಾರೆ. ಕತ್ತರಿಸಿದ ಗರಿಕೆ ಎರಡು ಬುಟ್ಟಿ, ತೋಟದ ಮಣ್ಣು ಒಂದು ಬುಟ್ಟಿ, ಹಸಿ ಸಗಣಿ ಒಂದು ಬುಟ್ಟಿ, ಒಂದು ಸಲಿಕೆ ಬೂದಿ. ಇಷ್ಟನ್ನೂ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮಟ್ಟಮಾಡಿ ನೆನೆಸಿದ ನೆಲದ ಮೇಲೆ ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಹರಡುತ್ತಾರೆ. ಅಂಗಳ ಸಾರಿಸಿದಂತೆಯೇ! ಇಲ್ಲಿ ಬೀಜವೇ ಬೇಡ. ಗರಿಕೆಯ ಪ್ರತಿ ಗೆಣ್ಣಿನಲ್ಲೂ ಬೇರು, ಚಿಗುರು ಹೊರಡುವ ಮೊಗ್ಗಿರುತ್ತದೆ. ನಾರು, ಅಂಟು, ಗೊಬ್ಬರ ಈ ಮೂರರ ಕೆಲಸವನ್ನೂ ಸಗಣಿಯೊಂದೇ ಮಾಡುತ್ತದೆ. ಮುಂಗಾರು ಹಿಡಿದ ಮೇಲೆ, ಮಳೆ ಬಿಡುವು ಕೊಟ್ಟಾಗ ಹರಡುವುದು ಲೇಸು.

ಮಾಡಿ ನೋಡಿ: ಒಂದೇ ಅಳತೆಯ ಮೂರು ತಟ್ಟೆಗಳಿಗೆ ಒಂದೇ ಮಣ್ಣು ತುಂಬಿ. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒಣಹುಲ್ಲು ಮುಚ್ಚಿ. ಮೂರನೆಯದಕ್ಕೆ ಮೇಲಿನ ಲೇಪ ಬಳಿದು ಒಂದು ದಿನ ಬಿಡಿ. ಮೂರನ್ನೂ ಒಂದೇ ಓರೆಯಲ್ಲಿಟ್ಟು, ತೂತು ಮಾಡಿದ ಡಬ್ಬಿಯಿಂದ ಒಂದೊಂದು ಲೀಟರ್ ನೀರು ಸುರಿಯಿರಿ. ಹರಿದುಬಂದ ನೀರನ್ನು ಬೇರೆ ಬೇರೆ ಗಾಜಿನ ಲೋಟಗಳಲ್ಲಿ ಹಿಡಿದು ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದ ಮಣ್ಣನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ.

ಪೋಷಕರೂ ಆ ಲೋಟಗಳನ್ನೊಮ್ಮೆ ನೋಡಲಿ. ಮನೆ ಕಟ್ಟಲು, ತೋಟಕ್ಕೆ ದಾರಿ ಮಾಡಲು ನೆಲ ಅಗೆದವರು ಮಳೆಗೆ ಮುಂಚೆ ಅದಕ್ಕೊಂದು ಹೊದಿಕೆ ಕೊಟ್ಟರೆ, ಕೆರೆಯ ಹೂಳೆತ್ತುವ ಕೆಲಸದಲ್ಲಿ ಅಷ್ಟು ಉಳಿಯಿತು.