ಬಂದು ಹೋದ ಲಕ್ವಕ್ಕೂ ಆಸ್ಪತ್ರೆ ಬೇಕು

ಕೈ ಜೋಮು ಹಿಡಿದು, ಮಾತು ತೊದಲಿ, ಹತ್ತು ನಿಮಿಷದಲ್ಲಿ ಸರಿಹೋದವರು ಔಷಧ ಅಂಗಡಿಗೆ ಬರುತ್ತಾರೆ, ಆಸ್ಪತ್ರೆಗೆ ಹೋಗುವುದಿಲ್ಲ. ಕೊಟ್ಟೂರಿನಲ್ಲಿ ಕೌಂಟರಿನ ಹಿಂದೆ ನಿಂತೇ ತಲೆ ನರೆತ ನಾನು ಹೇಳಬೇಕಾದ್ದು ಇಷ್ಟೇ: ತಾನಾಗಿ ಬಂದು ತಾನಾಗಿ ಹೋದ ಲಕ್ವವೂ ಅಂದೇ ಆಸ್ಪತ್ರೆ ಸೇರಬೇಕಾದ ಕಾಯಿಲೆ.

ಈರುಳ್ಳಿ ಸುಗ್ಗಿಯಲ್ಲಿ ಕೂಡ್ಲಿಗಿ ಕಡೆಯ ಹಳ್ಳಿಯ ರೈತರೊಬ್ಬರು ಬಂದು, ‘ಗ್ಯಾಸ್ ಗುಳಿಗಿ ಕೊಡ್ರಿ’ ಎಂದರು. ಜೊತೆಗಿದ್ದ ಅವರ ಹೆಂಡತಿ ಬಿಡಲಿಲ್ಲ. ‘ಗ್ಯಾಸ್ ಅಲ್ರೀ ಅಣ್ಣಾರ, ಮುಂಜಾನಿ ಚಾ ಕುಡಿಯೋ ಮುಂದ ಬಲಗೈಯಾಗಿನ ಲೋಟ ಜಾರಿ ಬಿತ್ತು. ಬಾಯಿ ಸೊಟ್ಟ ಆತು. ನನ್ನ ಹೆಸರು ಹಿಡಿದು ಕರಿಯಾಕ ಬರಲಿಲ್ಲ’ ಎಂದರು. ಬಿಪಿ ನೋಡಿದರೆ ಏರಿತ್ತು. ಗುಳಿಗೆ ಯಾಕೆ ಬಿಟ್ಟಿರಿ ಎಂದರೆ, ‘ನಾರ್ಮಲ್ ಐತಿ ಅಂದಿದ್ರಲ್ಲ’ ಎಂಬ ಉತ್ತರ. ಗುಳಿಗೆ ನುಂಗುತ್ತಿದ್ದರಿಂದಲೇ ನಾರ್ಮಲ್ ಇತ್ತು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ನಾನು ಗ್ಯಾಸ್ ಗುಳಿಗೆ ಕೊಡದೆ ಅವರನ್ನು ದಾವಣಗೆರೆ ಗಾಡಿ ಹತ್ತಿಸಿದೆ. ಅಲ್ಲಿ ಸ್ಕ್ಯಾನ್ ಮಾಡಿದಾಗ ಕುತ್ತಿಗೆಯ ಎಡಗಡೆಯ ರಕ್ತನಾಳ ಬಹಳ ಕಿರಿದಾಗಿರುವುದು ಕಂಡಿತು.

ಸೋತದ್ದು ಬಲಗೈ, ಕೆಟ್ಟದ್ದು ಎಡಗಡೆಯ ನಾಳ. ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುತ್ತದೆ. ಬಹುತೇಕರಲ್ಲಿ ಮಾತು ಹುಟ್ಟುವುದೂ ಅಲ್ಲಿಯೇ. ಗಂಟಲಗುಬುಟಿನ ಎರಡೂ ಪಕ್ಕ ಬೆರಳಿಟ್ಟರೆ ಮಿಡಿಯುವುದೇ ಈ ಕೆರೋಟಿಡ್ ನಾಳಗಳು. ದವಡೆಯ ಕೆಳಗೆ ಪ್ರತಿಯೊಂದೂ ಎರಡಾಗಿ ಕವಲೊಡೆದು, ಒಂದು ಕವಲು ಮೆದುಳಿಗೂ ಕಣ್ಣಿಗೂ, ಇನ್ನೊಂದು ಮುಖಕ್ಕೂ ಹೋಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ, ಕೊಬ್ಬು ಎಲ್ಲ ಸೇರಿ ಈ ಕವಲಿನಲ್ಲೇ ಜಿಡ್ಡು ಕಟ್ಟಿಸುತ್ತವೆ.

ನಾಳ ಪೂರ್ತಿ ಮುಚ್ಚಿದರೆ ಮಾತ್ರ ಅಪಾಯ ಎಂದು ಜನ ತಿಳಿದಿದ್ದಾರೆ. ದಾಳಿಂಬೆ ತೋಟದ ಡ್ರಿಪ್ ಪೈಪನ್ನು ಕಂಡವರಿಗೆ ನಿಜ ಸಂಗತಿ ಬೇಗ ತಿಳಿಯುತ್ತದೆ: ಪೈಪಿನಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಒಳಗೆ ಕಟ್ಟಿದ ಪಾಚಿಯ ಚೂರೊಂದು ಕಿತ್ತು ಹೋಗಿ ಮುಂದಿನ ಸಣ್ಣ ತೂತಿಗೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಯ ಜಿಡ್ಡು ಒಡೆದಾಗ ಅದರ ಮೇಲೆ ಹೆಪ್ಪುಗಟ್ಟಿದ ರಕ್ತದ ಚೂರು ಹೀಗೆಯೇ ಮೆದುಳಿಗೆ ಹೋಗುತ್ತದೆ. ಚೂರು ಸಣ್ಣದಿದ್ದು ಕರಗಿದರೆ ಹತ್ತು ನಿಮಿಷದ ಲಕ್ವ. ಕಣ್ಣಿನ ನಾಳಕ್ಕೆ ಹೋದರೆ ಒಂದೇ ಕಣ್ಣಿಗೆ ಪರದೆ ಇಳಿದಂತಾಗಿ ಮತ್ತೆ ತೆರೆದುಕೊಳ್ಳುತ್ತದೆ. ಅದಕ್ಕೂ ನಮ್ಮವರು ಕನ್ನಡಕದ ಅಂಗಡಿಗೆ ಹೋಗುತ್ತಾರೆ.

ಮುಂದಿನ ಚೂರು ದೊಡ್ಡದಿರಬಹುದು, ಅದು ಬಹಳ ಬೇಗ ಬರಬಹುದು. ಅಪಾಯ ಹೆಚ್ಚಿರುವುದು ಮೊದಲ ಎರಡು ದಿನಗಳಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಇಂಥವರಿಗೆ ತಡಮಾಡದೆ ಅಂದೇ ಚಿಕಿತ್ಸೆ ಶುರುಮಾಡಿ ನೋಡಿದರು. 90 ದಿನದೊಳಗೆ ಮತ್ತೆ ಪಾರ್ಶ್ವವಾಯು ಆಗುವ ಪ್ರಮಾಣ ಶೇ 10.3ರಿಂದ ಶೇ 2.1ಕ್ಕೆ ಇಳಿಯಿತು ಎಂದು 2007ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದರಲ್ಲಿ ಬಹುಪಾಲು ನನ್ನ ಅಂಗಡಿಯ ಕಪಾಟಿನಲ್ಲೇ ಇರುವ ಔಷಧಗಳು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ಕೊಲೆಸ್ಟ್ರಾಲ್ ಗುಳಿಗೆ, ಬಿಪಿ ಗುಳಿಗೆ. ಹಾಗೆಂದು ಅಂಗಡಿಯಲ್ಲೇ ಆಸ್ಪಿರಿನ್ ಕೇಳಬೇಡಿ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ರಕ್ತ ಸೋರಿದೆಯೋ ಎಂಬುದನ್ನು ಹೇಳಬಲ್ಲದ್ದು ತಲೆಯ ಸ್ಕ್ಯಾನ್, ಔಷಧ ಅಂಗಡಿಯವನಲ್ಲ.

ಲಕ್ಷಣ ಕಾಣಿಸಿಕೊಂಡು, ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾದವರಿಗೆ ಜಿಡ್ಡು ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಉತ್ತರ ಅಮೆರಿಕದ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಔಷಧ ಮಾತ್ರ ಪಡೆದವರಲ್ಲಿ ಎರಡು ವರ್ಷದೊಳಗೆ ಕಿರಿದಾದ ನಾಳದ ಕಡೆಯ ಪಾರ್ಶ್ವವಾಯು ಶೇ 26. ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಶೇ 9. ಇದು 1991ರಿಂದ ಗೊತ್ತಿರುವ ಸಂಗತಿ. ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು. ‘ತೇರು ಮುಗೀಲಿ, ಮೈಲಾರದ ಕಾರಣಿಕ ಮುಗೀಲಿ, ಆಮೇಲೆ ತೋರಿಸಿದರಾತು’ ಎನ್ನುವವರು ಕಳೆದುಕೊಳ್ಳುವುದು ಇದೇ ಎರಡು ವಾರವನ್ನು.

ನನ್ನ ತಕರಾರು ಇನ್ನೊಂದಿದೆ. ಯಾವ ಲಕ್ಷಣವೂ ಇಲ್ಲದವರು ನಗರಗಳ ಹೆಲ್ತ್ ಪ್ಯಾಕೇಜಿನಲ್ಲಿ ದುಡ್ಡು ಕೊಟ್ಟು ಕುತ್ತಿಗೆ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಅಂಥವರಿಗೆ ಸಾರಾಸಗಟಾಗಿ ಈ ಪರೀಕ್ಷೆ ಬೇಡ ಎಂದು ಅಮೆರಿಕದ ತಜ್ಞರ ಸಮಿತಿ 2021ರಲ್ಲೂ ಹೇಳಿದೆ. ಬೇಡದ ಶಸ್ತ್ರಚಿಕಿತ್ಸೆಗೆ ಅದೇ ದಾರಿಯಾಗಬಹುದು. ಲೋಟ ಕೈಜಾರಿದವನಿಗೆ ಮಾತ್ರ ಸ್ಕ್ಯಾನ್ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಬೇಡದ ಕುತ್ತಿಗೆಗೆ ಸಿಗುವ ಪರೀಕ್ಷೆ ಬೇಕಾದ ಕುತ್ತಿಗೆಗೆ ಸಿಗುತ್ತಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ 2021ರಲ್ಲಿ ಹೊಸಪೇಟೆ ಕೇಂದ್ರವಾದ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಾದರೂ ಕಾಯಿಲೆಯವರು ಹತ್ತುವ ಬಸ್ಸು ಬದಲಾಗಿಲ್ಲ: ಹರಪನಹಳ್ಳಿಯವರಿಗೆ ದಾವಣಗೆರೆ, ಕೂಡ್ಲಿಗಿಯವರಿಗೆ ಬಳ್ಳಾರಿ, ಹಡಗಲಿಯವರಿಗೆ ಗದಗ, ಹುಬ್ಬಳ್ಳಿ. ಎದೆನೋವಿಗಾಗಿ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಬಂತು. ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ದೊಡ್ಡಾಸ್ಪತ್ರೆಯ ವೈದ್ಯರು ನೋಡಿ ಹೇಳುವ ಏರ್ಪಾಡು ಅದು. ಮೆದುಳಿಗಾಗಿ ನಿಮ್ಹಾನ್ಸ್ ಜೊತೆ 2022ರಲ್ಲಿ ಸರ್ಕಾರವೇ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮವೂ ಇದೆ. ಅದರೊಳಗೆ ಈ ಐದು ತಾಲ್ಲೂಕುಗಳಿಗೆ ಒಂದು ಕಟ್ಟುನಿಟ್ಟಿನ ನಿಯಮ ಸೇರಲಿ: ಬಂದು ಹೋದ ಲಕ್ವದವರಿಗೆ ಅಂದೇ ಬಿಪಿ, ಸಕ್ಕರೆ, ಇಸಿಜಿ, ಅಂದೇ ತಲೆಯ ಸ್ಕ್ಯಾನಿಗೆ ಗಾಡಿ, ಎರಡು ದಿನದೊಳಗೆ ಕುತ್ತಿಗೆಯ ಡಾಪ್ಲರ್. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್ ತಂತ್ರವೇ ಇದು. ಸೂಜಿಯಿಲ್ಲ, ನೋವಿಲ್ಲ, ಅರ್ಧ ಗಂಟೆಯ ಕೆಲಸ. ಬೇಕಾದದ್ದು ಕುತ್ತಿಗೆಗೆ ಹೊಂದುವ ಪ್ರೋಬ್, ತರಬೇತಾದ ಕೈ.

ಸರ್ಕಾರ ಮಾಡುವವರೆಗೆ ಮನೆಯವರು ಕಾಯಬೇಕಿಲ್ಲ. ಮುಖ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಹೊತ್ತು ನೋಡಿ ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ಗಾಡಿ ಬರುವಷ್ಟರಲ್ಲಿ ಎಲ್ಲ ಸರಿಹೋದರೂ ಗಾಡಿಯನ್ನು ವಾಪಸ್ ಕಳಿಸಬೇಡಿ, ಹತ್ತಿ ಹೋಗಿ.