ನೆರೆಮನೆಯ ಸಂಗೀತ ಗುರು

ದೊಡ್ಡಬಳ್ಳಾಪುರ ನೇಕಾರರ ಊರು. ಅಲ್ಲಿನ ಕೇರಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಎಡೆಬಿಡದೆ ಕೇಳಿಬರುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ, ಆ ಸದ್ದಿನ ನಡುವೆಯೇ ಯಾವುದೋ ಮನೆಯ ಕಿಟಕಿಯಿಂದ ಎಳೆಯ ಕಂಠಗಳ ಸ್ವರಾಭ್ಯಾಸ ಹೊರಹೊಮ್ಮಿದರೆ ದಾರಿಯಲ್ಲಿ ಹೋಗುವವರು ಅಚ್ಚರಿಪಡುವುದಿಲ್ಲ. ನಡುಮನೆಯಲ್ಲಿ ಜಮಖಾನೆ ಹಾಸಿದೆ. ಮೂಲೆಯಲ್ಲಿ ಶ್ರುತಿಪೆಟ್ಟಿಗೆ ನುಡಿಯುತ್ತಿದೆ. ಐದಾರು ಮಕ್ಕಳು ತೊಡೆಯ ಮೇಲೆ ತಾಳ ಹಾಕುತ್ತ ಗುರುವಿನ ಮುಖವನ್ನೇ ನೋಡುತ್ತ ಕುಳಿತಿದ್ದಾರೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಬಡಾವಣೆಗಳಲ್ಲಿಯೂ ಇಂತಹ ಮನೆಗಳುಂಟು. ಬಾಗಿಲ ಬಳಿ ತೂಗುಹಾಕಿದ ಚಿಕ್ಕ ಫಲಕವೊಂದೇ ಅವುಗಳ ಗುರುತು.

ಈ ಮನೆಪಾಠದ ಗುರುಗಳು ಪ್ರಸಿದ್ಧರಲ್ಲ. ಇವರ ಕಛೇರಿಯ ಸುದ್ದಿ ಪತ್ರಿಕೆಗಳಲ್ಲಿ ಬರುವುದಿಲ್ಲ. ಪ್ರಶಸ್ತಿ ಪಡೆದವರ ಪಟ್ಟಿಯಲ್ಲಿ ಇವರ ಹೆಸರು ಕಾಣುವುದು ಅಪರೂಪ. ಮನೆಗೆಲಸವನ್ನು ಮುಗಿಸಿ ಪಾಠಕ್ಕೆ ಕೂರುವ ಗೃಹಿಣಿಯರು, ಬಸ್ಸು ಹಿಡಿದು ಊರಿಂದೂರಿಗೆ ಹೋಗಿ ಕಲಿಸುವ ಯುವಕರು, ನಿವೃತ್ತರಾದ ಹಿರಿಯರು ಇವರಲ್ಲಿ ಸೇರಿದ್ದಾರೆ. ಎಲ್ಲ ಶಾಲೆಗಳಲ್ಲಿಯೂ ಸಂಗೀತ ಶಿಕ್ಷಕರಿಲ್ಲದ ನಾಡಿನಲ್ಲಿ ಬಹುಮಂದಿ ಮಕ್ಕಳಿಗೆ ಸ್ವರಜ್ಞಾನದ ಮೊದಲ ಬಾಗಿಲನ್ನು ತೆರೆಯುವವರು ಇವರೇ. ಆದರೂ ಇವರ ಕೆಲಸದ ಬೆಲೆಯನ್ನು ಸಮಾಜ ಸರಿಯಾಗಿ ಅಳೆದಿದೆಯೆಂದು ಹೇಳುವಂತಿಲ್ಲ.

ಆ ಕೆಲಸ ಎಂತಹುದೆಂಬುದನ್ನು ಮೊದಲು ತಿಳಿಯಬೇಕು. ಕರ್ನಾಟಕ ಸಂಗೀತದ ಆರಂಭದ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವುದು ರೂಢಿ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂದು ಪಾಠ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ತಟ್ಟು, ಮೂರು ಬೆರಳೆಣಿಕೆ, ಅನಂತರ ಎರಡು ಬಾರಿ ಒಂದು ತಟ್ಟು, ಒಂದು ಕೈತಿರುವು. ಅದೇ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಬೇಕು. ವೇಗ ಇಮ್ಮಡಿಯಾದರೂ ತಾಳ ಓಡಬಾರದು, ಶ್ರುತಿ ಜಾರಬಾರದು. ಕೇಳುವವರಿಗೆ ಇದು ಬೇಸರದ ಪುನರಾವೃತ್ತಿಯಾಗಿ ತೋರಬಹುದು. ಆದರೆ ಮಗುವಿನ ಕಿವಿ ಹದಗೊಳ್ಳುವುದು, ಉಸಿರು ನಿಯಮಕ್ಕೆ ಬರುವುದು, ತನ್ನ ತಪ್ಪನ್ನು ತಾನೇ ಕೇಳಿಸಿಕೊಳ್ಳುವ ಶಕ್ತಿ ಮೂಡುವುದು ಈ ಹಂತದಲ್ಲಿಯೇ.

ಹೆತ್ತವರ ತಾಳ್ಮೆ ಕೆಡುವುದೂ ಈ ಹಂತದಲ್ಲಿಯೇ. “ಇನ್ನೂ ಸರಳೆಯಲ್ಲೇ ಇದ್ದಾಳಾ, ಮಿಸ್? ಹಾಡು ಯಾವಾಗ ಹೇಳಿಕೊಡ್ತೀರಿ?” ಎಂಬ ಪ್ರಶ್ನೆಯನ್ನು ಕೇಳದ ಸಂಗೀತ ಗುರುವಿಲ್ಲ. ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಿರುತ್ತದೆ. ದೂರದರ್ಶನದಲ್ಲಿ ಪುಟ್ಟ ಮಕ್ಕಳು ಸ್ಪರ್ಧೆಗಿಳಿದು ಹಾಡುವುದನ್ನು ತಾಯಿತಂದೆ ನೋಡಿರುತ್ತಾರೆ. ಮತ್ತೆ ಕೆಲವರಿಗೆ ಜೂನಿಯರ್ ಪರೀಕ್ಷೆಯ ಪ್ರಮಾಣಪತ್ರ ಬೇಗ ಕೈಸೇರಬೇಕು. ವೇದಿಕೆಯಾಗಲಿ ಪರೀಕ್ಷೆಯಾಗಲಿ ಕೆಟ್ಟದ್ದಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳು ಕಲಿಕೆಗೆ ಒಂದು ಕ್ರಮವನ್ನು ಕೊಟ್ಟಿವೆ. ಆದರೆ ಅವು ದಾರಿಯ ಮೈಲಿಗಲ್ಲುಗಳು. ಮೈಲಿಗಲ್ಲನ್ನೇ ಊರೆಂದು ತಿಳಿದವನು ಊರನ್ನು ಸೇರುವುದಿಲ್ಲ.

ನಿಧಾನವಾಗಿ ಕಲಿಸುವುದು ಗುರುವಿನ ದೋಷವಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಹಿಂದೂಸ್ತಾನಿ ಸಂಗೀತದ ಸವಾಯಿ ಗಂಧರ್ವರು ಧಾರವಾಡ ಜಿಲ್ಲೆಯ ಕುಂದಗೋಳವೆಂಬ ಚಿಕ್ಕ ಊರಿನಲ್ಲಿದ್ದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಒಂದು ಸ್ವರಗುಚ್ಛ ಹದಕ್ಕೆ ಬರುವವರೆಗೆ ಗುರುಗಳು ಮುಂದಿನದನ್ನು ಹೇಳಿಕೊಡುತ್ತಿರಲಿಲ್ಲ. ಭೀಮಸೇನ ಜೋಶಿಯವರೂ ಅದೇ ಊರಿನಲ್ಲಿ ಗುರುಸೇವೆ ಮಾಡುತ್ತ ಕಲಿತವರು. ಊರು ಚಿಕ್ಕದಾದ ಮಾತ್ರಕ್ಕೆ ವಿದ್ಯೆ ಚಿಕ್ಕದಾಗಲಿಲ್ಲ. ಪಾಠ ನಿಧಾನವಾದ ಮಾತ್ರಕ್ಕೆ ಶಿಷ್ಯರು ಹಿಂದುಳಿಯಲಿಲ್ಲ.

ಎಲ್ಲ ಮಕ್ಕಳೂ ಗಂಗೂಬಾಯಿ, ಭೀಮಸೇನರಾಗುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಮನೆಪಾಠಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ವೇದಿಕೆ ಏರುವುದಿಲ್ಲ. ಹಾಗಾದರೆ ಗುರುವಿನ ಶ್ರಮ ವ್ಯರ್ಥವೇ? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿಯ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿದೆ. ಅಂತಹ ಉತ್ಸವದ ಚಪ್ಪರದಲ್ಲಿ ಕುಳಿತವರತ್ತ ಒಮ್ಮೆ ದೃಷ್ಟಿ ಹರಿಸಬೇಕು. ಪಲ್ಲವಿಯ ತಾಳವನ್ನು ತಪ್ಪದೆ ಹಾಕುವ ಕೈಗಳು, ರಾಗದ ಗುರುತು ಹತ್ತಿದೊಡನೆ ತಲೆದೂಗುವ ಮುಖಗಳು ಅಲ್ಲಿ ಕಾಣುತ್ತವೆ. ಆ ಕೈಗಳಲ್ಲಿ ಎಷ್ಟೋ ಕೈಗಳು ತಾಳವನ್ನು ಕಲಿತದ್ದು ಬಾಲ್ಯದಲ್ಲಿ, ಯಾವುದೋ ನೆರೆಮನೆಯ ಜಮಖಾನೆಯ ಮೇಲೆ. ಗಾಯಕನೊಬ್ಬನಿಗೆ ಸಾವಿರ ಶ್ರೋತೃಗಳು ಬೇಕು. ಬಲ್ಲ ಶ್ರೋತೃವಿಲ್ಲದೆ ವಿದ್ವಾಂಸನ ವಿದ್ಯೆ ಬೆಳೆಯುವುದಿಲ್ಲ. ಆದುದರಿಂದ ಮನೆಪಾಠದ ಗುರುವನ್ನು ಅವರು ಸಿದ್ಧಪಡಿಸಿದ ಗಾಯಕರ ಸಂಖ್ಯೆಯಿಂದ ಅಳೆಯದೆ, ಅವರು ನಾಡಿಗೆ ಕೊಟ್ಟ ಕಿವಿಗಳಿಂದ ಅಳೆಯುವುದು ನ್ಯಾಯ.

ಇನ್ನೊಂದು ಮಾತು ಸಂಭಾವನೆಯದು. ವಿದ್ಯೆಯನ್ನು ಮಾರಬಾರದೆಂಬ ಹಳೆಯ ಆದರ್ಶವನ್ನು ನೆನೆದು, ತಿಂಗಳ ಶುಲ್ಕವನ್ನು ಕೇಳುವ ಗುರುವನ್ನು ಹಗುರವಾಗಿ ಕಾಣುವವರುಂಟು. ಆದರೆ ಹಣವಿಲ್ಲದೆ ನಡೆದ ವಿದ್ಯಾದಾನದ ಹಿಂದೆಯೂ ಯಾರೋ ಒಬ್ಬರು ವೆಚ್ಚವನ್ನು ಹೊತ್ತಿದ್ದರೆಂಬುದನ್ನು ಮರೆಯಲಾಗದು. ಮೈಸೂರಿನ ವಿದ್ವಾಂಸರಿಗೆ ಅರಮನೆಯ ಆಶ್ರಯವಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಅಂಧರಿಗೆ, ಅನಾಥರಿಗೆ ಅನ್ನವನ್ನೂ ಸಂಗೀತವನ್ನೂ ಉಚಿತವಾಗಿ ನೀಡಿದರು. ಸ್ವತಃ ಕಣ್ಣಿಲ್ಲದ ಆ ಗುರುಗಳ ಬೆನ್ನಿಗೆ ಭಕ್ತರ ದಾನವಿತ್ತು; ಆಶ್ರಮದ ನಾಟಕ ಮಂಡಳಿಯ ದುಡಿಮೆಯಿತ್ತು. ನೆಲಮಂಗಲದ ಬಾಡಿಗೆ ಮನೆಯಲ್ಲಿ ಪಾಠ ಹೇಳುವವರಿಗೆ ಅರಮನೆಯೂ ಇಲ್ಲ, ಆಶ್ರಮವೂ ಇಲ್ಲ. ಅವರ ಪಾಲಿನ ಅರಮನೆಯೆಂದರೆ ಮಕ್ಕಳನ್ನು ಕಳುಹಿಸುವ ತಾಯಿತಂದೆಯರೇ.

ಈ ವಿಷಯದಲ್ಲಿ ಹಳ್ಳಿಗಳು ಪಟ್ಟಣಕ್ಕೆ ಪಾಠ ಹೇಳಬಲ್ಲವು. ಈ ಸೀಮೆಯ ಹಳ್ಳಿಗರು ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕವನ್ನು ಆಡಬೇಕೆಂದಾಗ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಅವರೆದುರು ಕುಳಿತು ಕಂದಪದ್ಯಗಳನ್ನೂ ರಂಗಗೀತೆಗಳನ್ನೂ ಬಾಯಿಪಾಠ ಮಾಡುತ್ತಾರೆ. ಮೇಷ್ಟ್ರ ಸಂಭಾವನೆಗೆ, ರಂಗಸಜ್ಜಿಕೆಗೆ ಪಾತ್ರಧಾರಿಗಳೇ ತಮ್ಮ ಕೈಯಿಂದ ವಂತಿಗೆ ಹಾಕುತ್ತಾರೆ. ಕೊಡುವವರಿಗೆ ಅದು ದಂಡವಲ್ಲ, ಪಡೆಯುವವರಿಗೆ ಸಂಕೋಚವಿಲ್ಲ. ದುರ್ಯೋಧನನ ಪಾತ್ರ ವಹಿಸಿದ ರೈತ ಬದುಕಿರುವವರೆಗೂ ಆತನನ್ನು ಹಾಡಿಸಿದವರು ಅವನಿಗೆ ‘ನಮ್ಮ ಮೇಷ್ಟ್ರು’.

ಹಾಗೆಂದು ಗುರುಗಳಲ್ಲಿ ದೋಷವೇ ಇಲ್ಲವೆಂದಲ್ಲ. ಅರೆಬರೆ ಕಲಿತು ಫಲಕ ತೂಗುಹಾಕುವವರಿದ್ದಾರೆ. ಪರೀಕ್ಷೆಗೆ ಬೇಕಾದ ನಾಲ್ಕು ಕೃತಿಗಳನ್ನು ಗಿಣಿಪಾಠ ಮಾಡಿಸುವವರಿದ್ದಾರೆ. ಒಂದೇ ಕೋಣೆಯಲ್ಲಿ ಮೂವತ್ತು ಮಕ್ಕಳನ್ನು ತುಂಬಿ ಒಬ್ಬೊಬ್ಬರ ಕಂಠವನ್ನು ಕೇಳದೆ ಕಳುಹಿಸುವವರೂ ಇದ್ದಾರೆ. ಗುರುವನ್ನು ಆರಿಸುವವರು ಎರಡು ಸಂಗತಿಗಳನ್ನು ಗಮನಿಸಿದರೆ ಸಾಕು: ಗುರು ತಾವೇ ಇನ್ನೂ ಸಾಧನೆ ಮಾಡುತ್ತಿದ್ದಾರೆಯೇ? ಪ್ರತಿಯೊಂದು ಮಗುವನ್ನೂ ಒಂಟಿಯಾಗಿ ಹಾಡಿಸಿ ತಿದ್ದುತ್ತಿದ್ದಾರೆಯೇ?

ಇಂದು ಕಲಿಕೆಯ ಸಾಧನಗಳು ಸುಲಭವಾಗಿವೆ. ಬೆಂಗಳೂರಿನಲ್ಲಿ ಕೊಳಲುವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಮೇಲೆ ಸಣ್ಣ ಮನೆಗಳಿಗೂ ಶ್ರುತಿ ಬಂದಿತು. ಈಗ ಅದು ಮೊಬೈಲಿನಲ್ಲಿಯೂ ದೊರೆಯುತ್ತದೆ, ಪಾಠವೂ ದೊರೆಯುತ್ತದೆ. ಆದರೆ ಯಂತ್ರ ಶ್ರುತಿಯನ್ನು ಹಿಡಿದು ನಿಲ್ಲಬಲ್ಲದೇ ಹೊರತು, ನಾಚಿಕೆಯಿಂದ ದನಿ ಅಡಗಿದ ಮಗುವನ್ನು ಗುರುತಿಸಿ, ತಾನೂ ಜೊತೆಗೂಡಿ ಹಾಡಿ, ಆ ದನಿಯನ್ನು ಮೇಲೆತ್ತಲಾರದು. ಅದು ಮನುಷ್ಯರ ಕೆಲಸ.

ಆ ಕೆಲಸ ಮಾಡುವವರಿಗೆ ಸಮಾಜ ಕೊಡಬೇಕಾದುದು ಹೆಚ್ಚೇನಲ್ಲ. ಸಕಾಲದಲ್ಲಿ ಸಲ್ಲುವ ಸಂಭಾವನೆ, ಸಂಜೆ ಬರಿದಾಗಿರುವ ಶಾಲೆಯ ಒಂದು ಕೊಠಡಿ, ಮಗು ಸರಳೆಯನ್ನು ಹಾಡುವಾಗ ಮನೆಯವರು ಕುಳಿತು ಕೇಳುವ ಕಾಲು ಗಂಟೆ, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ. ಇಷ್ಟು ದೊರೆತರೆ ಮಗ್ಗದ ಸದ್ದಿನ ನಡುವೆಯೂ ಆ ಕಿಟಕಿಯಿಂದ ಸ್ವರ ಕೇಳಿಬರುತ್ತಲೇ ಇರುತ್ತದೆ.