ಹತ್ತು ಕೋಟಿಗೆ ತೆರೆಯುವ ಬಾಗಿಲು ಹೆಂಡತಿಗೆ ಮುಚ್ಚಿದ್ದೇಕೆ?

2025ರ ಫೆಬ್ರುವರಿ 5ರಂದು ಅಮೇರಿಕೆಯ ಲಷ್ಕರಿ ವಿಮಾನವೊಂದು ನಮ್ಮ 104 ಜನರನ್ನು ಅಮೃತಸರದಲ್ಲಿ ಇಳಿಸಿ ಹೋಯಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಮರುದಿನ ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಿತು, ಏಳಬೇಕಾದದ್ದೇ. ಆದರೆ ಅದೇ ಪಾರ್ಲಿಮೆಂಟು ಎರಡು ತಿಂಗಳೊಳಗೆ ಪರದೇಶದವರ ಬಗ್ಗೆ ಹೊಸ ಕಾಯದೆಯೊಂದನ್ನು ಮಂಜೂರು ಮಾಡಿತು. ಕಾಗದವಿಲ್ಲದೆ ಗಡಿ ದಾಟಿ ಬಂದವರಿಗೆ 5 ವರ್ಷದ ವರೆಗೆ ತುರಂಗ, ಇಲ್ಲವೆ 5 ಲಕ್ಷ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ. ಆ ವರ್ಷದ ಸಪ್ಟೆಂಬರ 1ರಿಂದ ಅದು ಜಾರಿಯಲ್ಲಿದೆ. ಅಮೇರಿಕೆಯ ಸರಪಳಿ ಕಂಡು ಕೂಗಿದವರಿಗೆ ತಮ್ಮ ಅಂಗಳದ ಸರಪಳಿ ಕಾಣಲಿಲ್ಲ.

ಕಾಗದವಿಲ್ಲದೆ ಬಂದವರು ಈ ದೇಶದ ಪ್ರಜೆಯ ಹೆಂಡತಿಯೋ ಗಂಡನೋ ಆಗಿದ್ದರೆ ಆ ಸಂಸಾರದ ಗತಿ ಏನು? ಅಮೇರಿಕೆಯಲ್ಲಿ ಈ ಪ್ರಶ್ನೆಯ ಮೇಲೆ ಚುನಾವಣೆಗಳು ನಡೆಯುತ್ತವೆ. ನಮ್ಮಲ್ಲಿ ಅದನ್ನು ಕೇಳುವವರೇ ಇಲ್ಲ.

ಲಕ್ಕುಂಡಿಯಲ್ಲಿ ಕೂತವರಿಗೆ ಈ ಉಸಾಬರಿ ಏಕೆ ಎನ್ನುವಿರಾ? ಮುಂಡರಗಿ, ಶಿರಹಟ್ಟಿ ಕಡೆಯಿಂದ ಗೋವೆಗೆ ಗುಳೆ ಹೋದವರನ್ನು ಕೇಳಿ ನೋಡಿರಿ. ದುಡಿಯುವವನ ಕೈ ಎಲ್ಲರಿಗೂ ಬೇಕು; ಅವನು ಹೆಂಡತಿ ಮಕ್ಕಳನ್ನು ಕರಕೊಂಡು ಗುಡಿಸಲು ಹಾಕಿದಾಗ ಮಾತ್ರ ಕಾಗದದ ಮಾತು ಬರುತ್ತದೆ. ದೇಶದೊಳಗೆ ಗುಡಿಸಲು ಕೀಳುತ್ತಾರೆ; ಗಡಿಯಾಚೆಗಾದರೆ ಸಂಸಾರವನ್ನೇ ಕೀಳುತ್ತಾರೆ.

ಮೊದಲು ಅಮೇರಿಕೆಯ ಕಾಯದೆ ನೋಡೋಣ. ವೀಸಾ ಪಡೆದು ವಿಮಾನದಲ್ಲಿ ಬಂದು, ಅವಧಿ ಮುಗಿದ ಮೇಲೂ ಉಳಿದವನನ್ನು ಅಲ್ಲಿಯ ಪ್ರಜೆಯೊಬ್ಬಳು ಮದುವೆಯಾದರೆ ಅವನು ಸಾಮಾನ್ಯವಾಗಿ ದೇಶ ಬಿಡದೆಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಮರುಭೂಮಿ ತುಳಿದು, ಅಧಿಕಾರಿಗಳ ಕಣ್ಣು ತಪ್ಪಿಸಿ ಒಳಗೆ ಬಂದವನಿಗೆ ಆ ಸವಲತ್ತು ಇಲ್ಲ. ಅವನು ತನ್ನ ದೇಶಕ್ಕೆ ಹೋಗಿ ಅಲ್ಲಿಯ ಅಮೇರಿಕನ್ ಕಚೇರಿಯಲ್ಲಿ ವೀಸಾ ಕೇಳಬೇಕು. ಹೊರಗೆ ಕಾಲಿಟ್ಟನೋ, 1996ರ ಕಾಯದೆ ಮೈಮೇಲೆ ಬೀಳುತ್ತದೆ: ಕಾಗದವಿಲ್ಲದೆ ಆರು ತಿಂಗಳು ಮೀರಿ ಇದ್ದವನು 3 ವರ್ಷ, ಒಂದು ವರ್ಷ ದಾಟಿದವನು 10 ವರ್ಷ ಮರಳಿ ಬರುವಂತಿಲ್ಲ. ಇದರಿಂದ ಪ್ರಜೆಯಾದ ಹೆಂಡತಿಗೆ ತೀರ ಹೆಚ್ಚಿನ ಸಂಕಟವಾಗುವದೆಂದು ರುಜುವಾತು ಮಾಡಿದರೆ ಮಾಫಿ ಸಿಗಬಹುದು. 2013ರಿಂದ ಆ ಮಾಫಿಯನ್ನು ದೇಶ ಬಿಡುವ ಮೊದಲೇ ಕೇಳಲು ಬರುತ್ತದೆ. ಗಂಡ ಹೆಂಡತಿ ಅಗಲಿದಾಗ ಆಗುವ ಸಾದಾ ದುಃಖ ಸಾಲದು. ತೀರ ಹೆಚ್ಚಿನ ದುಃಖ ಬೇಕು! ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೋ ನಮ್ಮ ಅಡತಿ ಅಂಗಡಿಯವರಿಗೂ ಗೊತ್ತಾಗಲಿಕ್ಕಿಲ್ಲ.

2024ರ ಜೂನದಲ್ಲಿ ಅಧ್ಯಕ್ಷ ಬೈಡನ್ನರು ಒಂದು ಯೋಜನೆ ಸಾರಿದರು. ಹತ್ತು ವರ್ಷ ಅಲ್ಲಿಯೇ ಬಾಳಿದ ಇಂಥ ಗಂಡ-ಹೆಂಡಿರು, ಸುಮಾರು 5 ಲಕ್ಷ ಜನ, ದೇಶ ಬಿಡದೆಯೇ ಕಾಗದ ಪಡೆಯಲೆಂದು. ನವಂಬರದಲ್ಲಿ ಟೆಕ್ಸಾಸಿನ ಫೆಡರಲ್ ಕೋರ್ಟು ಅದನ್ನು ಹೊಡೆದುಹಾಕಿತು. ಯೋಜನೆ ಸಾರಿದ ಜೂನ ತಿಂಗಳಲ್ಲೇ ಅಲ್ಲಿಯ ಸುಪ್ರೀಮ್ ಕೋರ್ಟು, ಪರದೇಶದ ಗಂಡನನ್ನು ಒಳಗೆ ಬಿಡಿರೆಂದು ಕೇಳುವ ಮೂಲಭೂತ ಹಕ್ಕು ಪ್ರಜೆಗೆ ಇಲ್ಲವೆಂದು ತೀರ್ಪು ಕೊಟ್ಟಿತು. ಸ್ವಾತಂತ್ರ್ಯದ ದೇವಿಯ ಮೂರ್ತಿ ನಿಲ್ಲಿಸಿಕೊಂಡವರ ನ್ಯಾಯ ಇದು.

ಇನ್ನು ನಮ್ಮ ಮನೆ. 2021ರ ಜೂನದಲ್ಲಿ ಭಟ್ಕಳದ ಪೋಲೀಸರು ಒಬ್ಬ ಹೆಣ್ಣುಮಗಳನ್ನು ಹಿಡಿದರು. ಪಾಕಿಸ್ತಾನದವಳು, ಗಂಡ ಭಟ್ಕಳದವನು, ಭಾರತದ ಪ್ರಜೆ. ವರ್ಷಗಟ್ಟಲೆ ಕಾಗದವಿಲ್ಲದೆ ಗಂಡನ ಮನೆಯಲ್ಲಿ ಬಾಳಿದ್ದಳು, ಮಕ್ಕಳ ತಾಯಿ. 2023ರ ಜನವರಿಯಲ್ಲಿ ಬೆಂಗಳೂರಲ್ಲಿ ಇನ್ನೊಬ್ಬಳು. ನೇಪಾಳದ ದಾರಿಯಿಂದ ಬಂದು, ಉತ್ತರ ಪ್ರದೇಶದಿಂದ ಕಾವಲುಗಾರಿಕೆಗೆ ಬಂದ ತರುಣನ ಕೈ ಹಿಡಿದವಳು. ಅವನು ಜೇಲಿಗೆ, ಅವಳನ್ನು ಮುಂದಿನ ತಿಂಗಳು ಗಡಿ ದಾಟಿಸಿದರು. ಪೇಪರಿನವರು ನಾಲ್ಕು ದಿನ ಚಪ್ಪರಿಸಿ ಬರೆದರು. ಈ ಹೆಣ್ಣುಮಕ್ಕಳಿಗೆ ಸರಿಯಾದ ದಾರಿ ಯಾವದಿತ್ತೆಂದು ವಿಚಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ದಾರಿ ಏನಿದೆ? 1955ರ ಪೌರತ್ವ ಕಾಯದೆಯ 5ನೇ ಕಲಮು ನೋಡಿರಿ. ಭಾರತದ ಪ್ರಜೆಯನ್ನು ಮದುವೆಯಾಗಿ 7 ವರ್ಷ ಇಲ್ಲಿ ವಾಸವಿದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ 2003ರಲ್ಲಿ ಆಗಿ 2004ರ ಡಿಸೆಂಬರದಲ್ಲಿ ಜಾರಿಗೆ ಬಂದ ತಿದ್ದುಪಡಿ ಅಲ್ಲೊಂದು ಮೊಳೆ ಜಡಿದಿದೆ: ಅರ್ಜಿದಾರರು ಅಕ್ರಮ ವಲಸಿಗರು ಆಗಿರಕೂಡದು. ಅಕ್ರಮ ವಲಸಿಗನೆಂದರೆ ಕಾಗದವಿಲ್ಲದೆ ಬಂದವನೂ ಹೌದು, ಕಾಗದದೊಡನೆ ಬಂದು ಅವಧಿ ಮೀರಿ ಉಳಿದವನೂ ಹೌದು. ಅವಧಿ ಮೀರಿದವರಿಗೆ ಅಮೇರಿಕೆ ಮದುವೆಯ ಕಾರಣಕ್ಕೆ ಒಂದು ಕಿಂಡಿಯನ್ನಾದರೂ ಇಟ್ಟಿದೆ. ನಾವು ಅದನ್ನೂ ಗಾರೆ ಹಾಕಿ ಮುಚ್ಚಿದ್ದೇವೆ. ಹುಟ್ಟುವ ಕೂಸಿನ ಮೇಲೂ ಈ ಮೊಳೆಯ ನೆರಳು: 2004ರ ಡಿಸೆಂಬರ 3ರ ನಂತರ ಇಲ್ಲಿ ಹುಟ್ಟಿದ ಮಗುವಿನ ತಂದೆ ಭಾರತದ ಪ್ರಜೆಯೇ ಇರಲಿ, ತಾಯಿ ಆಗ ಅಕ್ರಮ ವಲಸಿಗಳಾಗಿದ್ದರೆ ಮಗು ಹುಟ್ಟಿನಿಂದ ಪ್ರಜೆಯಲ್ಲ. ಪರದೇಶಿ ಎಂದರೆ ದಿಕ್ಕಿಲ್ಲದವ ಎಂದೂ ನಮ್ಮ ಮಾತಿನಲ್ಲಿ ಅರ್ಥ. ಸ್ವಂತ ಅಪ್ಪನ ಮನೆಯಲ್ಲಿ ಹುಟ್ಟಿದ ಕೂಸಿಗೆ ಆ ಹೆಸರು!

ಹಾಗೆಂದು ಮೊಳೆಯನ್ನು ಯಾರಿಗೂ ಕಿತ್ತಿಲ್ಲವೆಂದಲ್ಲ. 2019ರ ತಿದ್ದುಪಡಿಯಿಂದ ಪಾಕಿಸ್ತಾನ, ಬಾಂಗ್ಲಾದೇಶ, ಅಫಗಾನಿಸ್ತಾನಗಳಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮದವರಿಗೆ ಕಿತ್ತರು. ಕಿತ್ತದ್ದಕ್ಕೆ ನಮ್ಮ ತಕರಾರಿಲ್ಲ, ಧರ್ಮ ನೋಡಿ ಕಿತ್ತದ್ದಕ್ಕೆ ಇದೆ. ಕಿತ್ತರೆ ದೇಶ ಮುಳುಗುವದಿಲ್ಲ ಎಂದು ಸರಕಾರವೇ ಒಪ್ಪಿದಂತಾಯಿತಲ್ಲ?

ರೊಕ್ಕದ ಮಾತು ಬಂದಾಗ ನೋಡಿರಿ ಮರ್ಯಾದೆ. 2016ರ ಆಗಸ್ಟದಲ್ಲಿ ಕೇಂದ್ರ ಮಂತ್ರಿಮಂಡಲ ಒಂದು ಯೋಜನೆ ಮಂಜೂರು ಮಾಡಿತು. ಒಂದೂವರೆ ವರ್ಷದಲ್ಲಿ 10 ಕೋಟಿ, ಇಲ್ಲವೆ ಮೂರು ವರ್ಷದಲ್ಲಿ 25 ಕೋಟಿ ರೂಪಾಯಿ ತೊಡಗಿಸಿ, ವರ್ಷಕ್ಕೆ 20 ಜನರಿಗೆ ಕೆಲಸ ಕೊಡುವ ಪರದೇಶದ ಸಾಹುಕಾರನಿಗೆ 10 ವರ್ಷದ ವಾಸದ ಪರವಾನಿಗೆ. ಹೆಸರು ನೋಂದಾಯಿಸುವ ಕಾಟವಿಲ್ಲ. ಅವನ ಹೆಂಡತಿ ಇಲ್ಲಿ ನೌಕರಿಯನ್ನೂ ಮಾಡಬಹುದು. ಅಮೇರಿಕೆಯ ಅಧ್ಯಕ್ಷ ಟ್ರಂಪ್ ಸಹ 2025ರಲ್ಲಿ 10 ಲಕ್ಷ ಡಾಲರಿಗೆ ಬಂಗಾರದ ಕಾರ್ಡಿನ ಅಂಗಡಿ ತೆರೆದರು. ನಮ್ಮ ಲಕ್ಕುಂಡಿ ಒಂದು ಕಾಲಕ್ಕೆ ಟಂಕಸಾಲೆಯ ಊರು. ಇಲ್ಲಿ ಅಚ್ಚಾದ ಲೊಕ್ಕಿ ಗದ್ಯಾಣ ದೂರದೂರದ ಸೀಮೆಗಳಲ್ಲಿ ನಡೆಯುತ್ತಿತ್ತು. ನಾಣ್ಯಕ್ಕೆ ಅಂದೂ ಗಡಿಯಿಲ್ಲ, ಇಂದೂ ಗಡಿಯಿಲ್ಲ. ಕಾವಲುಗಾರನ ಹೆಂಡತಿಗೆ ಮಾತ್ರ ಗಡಿ.

ಗೂಢಚಾರರು ಹೆಂಡತಿಯ ವೇಷದಲ್ಲಿ ಬಂದರೆ, ಎನ್ನುವವರಿದ್ದಾರೆ. ವಿಚಾರಣೆ ಮಾಡಿರಿ, ಬೇಡವೆಂದವರಾರು? ಸುಳ್ಳು ಮದುವೆಯೋ ಖರೆ ಮದುವೆಯೋ ನೋಡಿರಿ, ಏಳು ವರ್ಷ ಠಾಣೆಗೆ ಹಾಜರಿ ಹಾಕಿಸಿರಿ. ಆದರೆ ವಿಚಾರಣೆ ಬೇರೆ, ವಿಚಾರಣೆಯೇ ಇಲ್ಲದೆ ಬಾಗಿಲು ಜಡಿಯುವದು ಬೇರೆ. ಗೂಢಚಾರನಿಗೆ ಒಳ್ಳೆಯ ಪಾಸಪೋರ್ಟು ಇರುತ್ತದೆ. ಅದಿಲ್ಲದೆ ಸಿಕ್ಕಿಬೀಳುವವರು ಬಡವರೇ.

ಇದಕ್ಕೆ ದೊಡ್ಡ ಕ್ರಾಂತಿಯೇನೂ ಬೇಡ. ಅದೇ 5ನೇ ಕಲಮಿನ 4ನೇ ಉಪಕಲಮಿನಲ್ಲಿ, ವಿಶೇಷ ಸಂದರ್ಭಗಳಿದ್ದರೆ ಕೇಂದ್ರ ಸರಕಾರ ಯಾವ ಅಪ್ರಾಪ್ತ ಮಗುವನ್ನಾದರೂ ಪ್ರಜೆಯೆಂದು ನೋಂದಾಯಿಸಬಹುದು ಎಂದಿದೆ. ಮಗುವಿಗೆ ಬರೆದ ಆ ಮಾತನ್ನು ಪ್ರಜೆಯ ಹೆಂಡತಿಗೂ ಗಂಡನಿಗೂ ಬರೆಯಬೇಕು. ಅರ್ಜಿ ವಿಚಾರಣೆಯಲ್ಲಿರುವ ತನಕ ತುರಂಗವಾಗಲಿ ಗಡೀಪಾರಾಗಲಿ ಇರಕೂಡದು. ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು. ಹಾವೇರಿ ಮತಕ್ಷೇತ್ರದ ಲೋಕಸಭಾ ಸದಸ್ಯರು ಗದಗಿಗೆ ಬಂದಾಗ ಈ ಮೂರು ಮಾತಿಗೆ ಅವರ ಉತ್ತರವೇನೆಂದು ಗಿರಣಿ ಬಂಧುಗಳೂ ಪೇಟೆಯ ಬಂಧುಗಳೂ ಎದ್ದು ನಿಂತು ಕೇಳಬೇಕು.